ಮುಡಿಪಿನೊಳಗಿನ ಕೀಲಿ

ಕೀಲಿಯಿಲ್ಲದ ಕಾರನ್ನು ನಮ್ಮ ಮರವಂತೆಗೆ ಮೊದಲು ತಂದವನು ಚಂದಯ್ಯ. ಕೀಲಿಯಿಲ್ಲ ಎಂದರೆ ಪೂರ್ತಿ ಇಲ್ಲವೆಂದಲ್ಲ. ತೇದು ಉಳಿದ ಸಾಬೂನಿನ ಚೂರಿನಂಥ ಒಂದು ಕಪ್ಪು ವಸ್ತು ಇತ್ತು. ಅದನ್ನು ಎಲ್ಲಿಗೂ ತೂರಿಸಿ ತಿರುಗಿಸಬೇಕಾಗಿರಲಿಲ್ಲ. ಕಿಸೆಯಲ್ಲಿಟ್ಟುಕೊಂಡು ಹತ್ತಿರ ಹೋದರೆ ಸಾಕು, ಕಾರು ಎರಡು ಕಣ್ಣುಗಳನ್ನು ಮಿಟುಕಿಸಿ, ಮಡಚಿಕೊಂಡಿದ್ದ ಕನ್ನಡಿಗಳನ್ನು ಕಿವಿಯ ಹಾಗೆ ನಿಮಿರಿಸುತ್ತಿತ್ತು. ಒಳಗೆ ಕುಳಿತು ಒಂದು ಗುಂಡಿ ಒತ್ತಿದರೆ ಹೊರಡುತ್ತಿತ್ತು.

"ಧಣಿಯ ಗುರ್ತ ಹಿಡಿತ್ತ್ ಇದ್," ಎಂದು ಚಂದಯ್ಯ ಹೇಳುತ್ತಿದ್ದ. "ಮುಂಬಯಲ್ಲಿ ಮೂವತ್ತ್ ವರ್ಷ ಮೀನ್ ಮಾರ್ದೆ. ಒಂದ್ ಗಿರಾಕಿಯೂ ನನ್ನ ಇಷ್ಟ್ ಗುರ್ತ ಹಿಡಿಲಿಲ್ಲೆ."

ಈ ಕಾರನ್ನು ಅವನು ಮುಂಬಯಿಯಲ್ಲೇ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದದ್ದು. ಕೀಲಿ ಒಂದೇ ಇತ್ತು. ಜೋಡಿ ಕೀಲಿಯನ್ನು ಹಿಂದಿನ ಯಜಮಾನ ಕಳೆದುಕೊಂಡಿದ್ದನಂತೆ. ಆದರೆ ಚಂದಯ್ಯ ಕಾರು ಕೊಂಡದ್ದು ಬರೀ ಡೌಲಿಗಲ್ಲ. ಅದಕ್ಕೊಂದು ಕಾರಣವಿತ್ತು. ಆ ಕಾರಣದ ಹೆಸರು ಜಲಜ.

ಜಲಜ ಅವನ ಅಕ್ಕ, ಶಿರೂರಿನಲ್ಲಿ ಇರುವವಳು. ಆಕೆಯ ಗಂಡ ತೀರಿಕೊಂಡಾಗ ಚಂದಯ್ಯ ಮುಂಬಯಿಯಿಂದ ಬಂದು ಮುಟ್ಟಿದ್ದು ಎಲ್ಲ ಕ್ರಿಯೆ ಮುಗಿದ ಮೇಲೆ. ಬಂದವನು "ಗಾಡಿ ಸಿಕ್ಲಿಲ್ಲೆ ಅಕ್ಕ" ಎಂದ. ಆ ಒಂದು ಮಾತಿಗೆ ಜಲಜ ತಮ್ಮನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ಅವನು ಊರಿಗೆ ಬಂದು ನೆಲೆಸಿದ ಮೇಲೆ, ಹೊಸ್ತಿಗೆ ಬಾ ಎಂದು ಹೇಳಿ ಕಳಿಸಿದ. ಹೊಸ್ತು ಎಂದರೆ ಹೊಸ ಅಕ್ಕಿಯ ಊಟ. ಆ ದಿನ ಕುಟುಂಬದವರು ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಜಲಜಳ ಉತ್ತರ ಬಸ್ಸಿನ ಕಂಡಕ್ಟರನ ಬಾಯಲ್ಲಿ ಬಂತು.

"ಸ್ವಂತ ಗಾಡಿ ತಕಂಡ್ ನನ್ನ ಬಾಗ್ಲಲ್ಲಿ ನಿಂತ್ ಕರೀಲಿ, ಬತ್ತೆ. ಸ್ವಂತದ್ದಿದ್ರೆ 'ಸಿಕ್ಲಿಲ್ಲೆ' ಅಂಬುಕ್ ಆತಿಲ್ಲೆ ಅಲ್ದಾ?"

ಚಂದಯ್ಯ ಕಾರು ತಂದ. ಹೊಸ್ತಿನ ದಿನ ಬೆಳಿಗ್ಗೆ ಮನೆಯ ಬಾಗಿಲಿಗೆ ಭತ್ತದ ಕದಿರು ಕಟ್ಟಿದವನೇ ಶಿರೂರಿಗೆ ಬರುತ್ತೇನೆ ಎಂದು ಅದೇ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ. "ಧಣಿಯ ಗುರ್ತ ಹಿಡಿವ ಕಾರ್ ಅಂತಲೂ ಹೇಳಿ," ಎಂದು ಬಸ್ಸಿನ ಹಿಂದೆ ಓಡಿ ಸೇರಿಸಿದ.

ನವರಾತ್ರಿಗೆ ಮುಂಚಿನ ಆ ದಿನಗಳಲ್ಲಿ ನಮ್ಮೂರು ಅರೆನಿದ್ದೆಯಲ್ಲಿರುತ್ತದೆ. ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ಮಳೆ ಬಿಟ್ಟು ಬಿಸಿಲು ಇನ್ನೂ ಎಳೆಯದಾಗಿರುತ್ತದೆ. ಎರಡು ನೀರುಗಳ ನಡುವೆ ಬಸ್ಸುಗಳು ಕೂಡ ತೇಲಿಹೋದಂತೆ ಕಾಣುತ್ತವೆ. ನಮ್ಮ ಮನೆಯಲ್ಲಿ ಆ ಸಲ ಹೊಸ್ತು ಇರಲಿಲ್ಲ. ನನ್ನ ಹೆಂಡತಿ ತೀರಿಹೋದ ವರ್ಷ ಅದು. ಹಾಗಾಗಿ ಸಂಧ್ಯಾವಂದನೆ ಮುಗಿಸಿದ ಮೇಲೆ ನೆರೆಯ ಚಂದಯ್ಯನ ಜಗುಲಿಯಲ್ಲೇ ನಾನು ಹೆಚ್ಚು ಕೂತಿರುತ್ತಿದ್ದೆ. ಅಲ್ಲಿ ಕೂತಿದ್ದಾಗಲೇ ಒಂದು ಮಧ್ಯಾಹ್ನ ಪ್ರೇಮಾನಂದ ಬಂದ.

ಪ್ರೇಮಾನಂದ ಹಿಂದಿನ ಮನೆಯವನು. ಲೋಕದಲ್ಲಿ ಎಲ್ಲಿ ಯಾವ ಕೇಡು ನಡೆದರೂ ಅದು ಮೊದಲು ಅವನ ಮೊಬೈಲಿಗೆ ಬಂದು, ಆಮೇಲೆ ಪತ್ರಿಕೆಗಳಿಗೆ ಹೋಗುತ್ತಿತ್ತು.

"ಹ್ವಾಯ್ ಚಂದಯ್ಯಣ್ಣ, ಕೀಲಿ ಎಲ್ಲಿಟ್ರಿ?"

"ಕಿಟ್ಕಿ ಮೇಲಿತ್ತಲೆ."

"ಹಾಂಗಾರೆ ಕಾರ್ ಹೋಯ್ತ್ ಅಂದೇಳಿಯೇ ಲೆಕ್ಕ," ಎಂದು ಪ್ರೇಮಾನಂದ ಮರಣವಾರ್ತೆ ಹೇಳುವವನಂತೆ ಕೂತುಕೊಂಡ. "ಈ ನಮೂನಿ ಕೀಲಿ ಇಡೀ ದಿನ ಮಾತಾಡ್ತಾ ಇರತ್ತ್. 'ನಾ ಇಲ್ಲಿದ್ದೆ, ನಾ ಇಲ್ಲಿದ್ದೆ' ಅಂದೇಳಿ. ಮೆಲ್ಲ ಮಾತಾಡ್ತತ್ತ್, ದೂರಕ್ ಕೇಂತಿಲ್ಲೆ. ಈಗ ಕಳ್ರ್ ಇಬ್ರಿಬ್ರ್ ಬತ್ರ್. ಒಬ್ಬ ಒಂದ್ ಪೆಟ್ಟಿಗಿ ಹಿಡ್ಕಂಡ್ ನಿಮ್ಮ ಗೋಡಿ ಹತ್ರ ನಿಂತ್ಕಂತ. ಕೀಲಿ ಹೇಳದ್ದನ್ನ ಅದ್ ಹಿಡಿತ್ತ್. ಇನ್ನೊಬ್ಬ ಇನ್ನೊಂದ್ ಪೆಟ್ಟಿಗಿ ಹಿಡ್ಕಂಡ್ ಕಾರಿನ ಹತ್ರ. ಹಿಡಿದ್ ಮಾತನ್ನ ಕಾರಿಗ್ ಕೇಣ್ಸ್ತ. ಕಾರ್ 'ಧಣಿ ಬಂದ್ರ್' ಅಂದೇಳಿ ಬಾಗ್ಲ್ ತೆಗಿತ್ತ್."

"ಒಡುದ್ ಇಲ್ಯಾ? ಸದ್ದೂ ಇಲ್ಯಾ?"

"ಎಂತದೂ ಇಲ್ಲೆ. ನೀವ್ ಉಂಡ್ ಮನಿಕಂಡಿರ್ತ್ರಿ, ಕಾರ್ ಗೋವಾದಗಿರತ್ತ್."

ಚಂದಯ್ಯ ಎದ್ದು ಕಿಟಕಿಯ ಹತ್ತಿರ ಹೋಗಿ ಕೀಲಿಯನ್ನು ಕಿವಿಗೆ ಹಿಡಿದ. ಕಡಲಿನ ಸದ್ದು ಮಾತ್ರ ಕೇಳಿಸಿತು. ಆದರೆ ಅಂದಿನಿಂದ ಅವನ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಕೀಲಿ ಪಿಸುಗುಟ್ಟಿದಂತೆ, ಗೋಡೆಯಾಚೆ ಯಾರೋ ಉಸಿರು ಬಿಗಿಹಿಡಿದು ಕೇಳಿಸಿಕೊಂಡಂತೆ, ಕಾರು ಬಾಗಿಲು ತೆರೆದು ಕಡಲಿನ ಮೇಲೆ ಗೋವಾದ ದಿಕ್ಕಿಗೆ ತೇಲಿದಂತೆ ಅವನಿಗೆ ಕಾಣುತ್ತಿತ್ತು.

ಲೋಹದ ಪಾತ್ರೆಯಲ್ಲಿಟ್ಟು ಮುಚ್ಚಿದರೆ ಕೀಲಿಯ ಮಾತು ಹೊರಗೆ ಬರುವುದಿಲ್ಲ ಎಂಬ ಮದ್ದನ್ನೂ ಪ್ರೇಮಾನಂದನೇ ಹೇಳಿದ್ದ. ಕಾರನ್ನು ಓಣಿಯಲ್ಲಿ ಮನೆಯ ಕಿಟಕಿಗೆ ತಾಗುವಂತೆ ನಿಲ್ಲಿಸಿ ಪರೀಕ್ಷೆ ಶುರುವಾಯಿತು. ಕಾರಿನ ಬಾಗಿಲು ಎಳೆದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಒಳಗಿನಿಂದ ಚಂದಯ್ಯ ಕೂಗುತ್ತಿದ್ದ.

"ಹಿತ್ತಾಳಿ ಚೆಂಬಲ್ಲಿಟ್ಟೆ! ತೆರಿತ್ತಾ?"

"ತೆರೀತು."

"ಮೀನಿನ್ ಅಲ್ಯೂಮಿನಿ ಪಾತ್ರಿ! ಮುಚ್ಚಿದ್ದೆ! ಈಗ?"

"ಇಲ್ಲ!"

ಆ ಪಾತ್ರೆ ಗೆದ್ದಿತು. ಆದರೆ ಎರಡೇ ದಿನದಲ್ಲಿ ಕೀಲಿಗೆ ಬಂಗುಡೆಯ ವಾಸನೆ ಹಿಡಿದು, ಪ್ರೇಮಾನಂದನ ಬೆಕ್ಕು ಕಾರಿನ ಮೇಲೆಯೇ ವಾಸ ಮಾಡತೊಡಗಿತು. ಕುಕ್ಕರು ಉತ್ತಮವೆಂದು ಕಂಡುಬಂದರೂ ಚಂದಯ್ಯನ ಹೆಂಡತಿ ಸುಗುಣಾ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. "ಕುಕ್ಕರಿಗ್ ಕೈ ಹಾಕ್ರೆ ಕಾಣಿ! ನಿಮ್ಮ ಕೀಲಿ ಬೇಯ್ಸಿ ಬಡ್ಸ್ತೆ!"

ಆಗ ಅವನ ಕಣ್ಣು ದೇವರ ಕೋಣೆಯ ಕಡೆ ಹೋಯಿತು. ಗಣಪತಿಯ ಪಟದ ಹಿಂದೆ, ಅರಿಸಿನದ ಬಟ್ಟೆ ಸುತ್ತಿದ ಒಂದು ದಪ್ಪ ಸ್ಟೀಲಿನ ಡಬ್ಬಿ ಇತ್ತು. ಅದು ಸುಗುಣಾಳ ಮುಡಿಪು. ಯಾವುದೋ ಹರಕೆ ಹೊತ್ತು, ಸಂಕಷ್ಟಿಗೊಂದು ನಾಣ್ಯದಂತೆ ಅದರಲ್ಲಿ ಹಾಕುತ್ತಿದ್ದಳು. ಮುಡಿಪಿಗೆ ಹಾಕಬಹುದು, ಹರಕೆ ಈಡೇರುವ ತನಕ ತೆಗೆಯಬಾರದು. ಇದು ಚಂದಯ್ಯನಿಗೆ ತಿಳಿಯದ ವಿಷಯವಲ್ಲ. ಆದರೆ ಅದು ದುಡ್ಡಿಗೆ ಮಾತ್ರ, ಕೀಲಿ ಬಾಡಿಗೆಗೆ ಇದ್ದಂತೆ ಇರಬಹುದು ಎಂದು ಅವನು ತಿಳಿದ. ಗಂಟು ಸಡಿಲಿಸಿ, ಮುಚ್ಚಳ ಎತ್ತಿ, ಕೀಲಿಯನ್ನು ಒಳಗಿಟ್ಟು, ಕೈ ಮುಗಿದು ಹೇಳಿದ: "ಗಣಪತಿ ದೇವ್ರೆ, ನಿಂಗೇ ಒಪ್ಸಿದೆ."

ಆ ಮಧ್ಯಾಹ್ನ ಚಂದಯ್ಯ ಮಗುವಿನಂತೆ ನಿದ್ದೆ ಮಾಡಿದ.

ಮರುದಿನ ಕೀಲಿ ತೆಗೆಯಲು ಹೋದಾಗ ಸುಗುಣಾ ಅಡ್ಡ ನಿಂತಳು. "ಮುಡಿಪಿಗ್ ಬಿದ್ದದ್ದ್ ದೇವ್ರದ್ದ್. ಕೈ ಹಾಕ್ಬೇಡಿ."

"ಕೀಲಿ ನಂದ್ ಮಾರಾಯ್ತಿ!"

"ನಿನ್ನೆ ವರೆಗ್ ನಿಮ್ದ್."

ವ್ಯಾಜ್ಯ ಊರ ಗಣಪತಿ ದೇವಸ್ಥಾನದ ಅರ್ಚಕರಾದ ಸುಬ್ಬರಾಯ ಐತಾಳರ ಬಳಿಗೆ ಹೋಯಿತು. ನಾನೂ ಜೊತೆಗಿದ್ದೆ. ಐತಾಳರು ಸಾಲಿಗ್ರಾಮದ ಕಡೆಯವರು. ಯಾವ ಪ್ರಶ್ನೆಯನ್ನೂ ಅವಸರದಲ್ಲಿ ಮುಗಿಸಿದವರಲ್ಲ. ಗಂಧ ತೇಯುವುದನ್ನು ನಿಲ್ಲಿಸಿ ಕೇಳಿದರು.

"ಒಪ್ಸಿದೆ ಅಂತ ಮನಸ್ಸಲ್ಲಿ ಹೇಳಿದ್ಯಾ, ಬಾಯಿ ಬಿಟ್ಟ್ ಹೇಳಿದ್ಯಾ?"

"ಬಾಯಿ ಬಿಟ್ಟೇ ಹೇಳ್ದೆ ಐತಾಳ್ರೆ."

"ಜೋರಾಗಿಯಾ?"

"ದೇವ್ರಿಗ್ ಕೇಂಬಷ್ಟ್."

ಐತಾಳರು ಕೈಯ ಗಂಧ ಒರೆಸಿಕೊಂಡರು. "ಹಾಂಗಾರೆ ಅದ್ ದೇವ್ರದ್ದೇ ಆಯ್ತ್. ಹರ್ಕಿ ತೀರದ್ ದಿನ ಮುಡಿಪ್ ಬಿಚ್ಚಿ. ನಾಣ್ಯ ದೇವಸ್ಥಾನಕ್ಕ್ ಬರ್ಲಿ. ಕೀಲಿನ ಪ್ರಸಾದ ಅಂತ ನಿಂಗೇ ಕೊಡುವ. ದೇವ್ರಿಗ್ ಇಲಿ ಇತ್ತಲೆ, ಕಾರ್ ಎಂತಕ್ಕೆ?" ಎಂದು ಸುಗುಣಾಳ ಕಡೆ ತಿರುಗಿದರು. "ಹರ್ಕಿ ಎಂತದ್ದ್? ಬೇಗ ತೀರುದಾ?"

ಸುಗುಣಾ ಸೆರಗಿನ ತುದಿ ತಿರುಚುತ್ತ ನಿಂತಳು. ಕಡೆಗೆ ಹೇಳಿದಳು: "ಜಲಜತ್ಗಿ ನಮ್ಮನಿ ಹೊಸ್ತಿಲ್ ತುಳಿಕ್ ಅಂದೇಳಿ."

ಅಕ್ಕ ಬಂದರೆ ಮುಡಿಪು ಬಿಚ್ಚಬಹುದು. ಮುಡಿಪು ಬಿಚ್ಚಿದರೆ ಕೀಲಿ ಬರುತ್ತದೆ. ಕೀಲಿ ಬಂದರೆ ಕಾರು ಹೊರಡುತ್ತದೆ. ಕಾರು ಹೊರಟರೆ ಅಕ್ಕ ಬರುತ್ತಾಳೆ. ಚಂದಯ್ಯ ಗುಡಿಗೆ ಸುತ್ತು ಬರತೊಡಗಿದ. ಭಕ್ತಿಯಿಂದ ಬಂದನೋ, ಈ ಲೆಕ್ಕದ ಕೊನೆ ಎಲ್ಲಿದೆಯೆಂದು ಹುಡುಕುತ್ತ ಬಂದನೋ ಹೇಳಲಾರೆ.

"ಟೆಂಪೋದಲ್ಲಿ ಹೋಯ್ನಿ," ಎಂದು ಮನೆಗೆ ಮರಳಿದ ಮೇಲೆ ಪ್ರೇಮಾನಂದ ಸಲಹೆ ಕೊಟ್ಟ.

"'ಗಾಡಿ ಸಿಕ್ಲಿಲ್ಲೆ ಅಕ್ಕ, ಕೀಲಿ ದೇವ್ರ ಹತ್ರ ಇತ್ತ್' ಅಂದೇಳ್ಕಾ? ಇನ್ನ್ ಅವ್ಳ್ ನಾ ಸತ್ರೂ ಬಪ್ಪುದಿಲ್ಲೆ."

ಕಾರು ಮಾತ್ರ ಕಡಲಿಗೆ ಹೋಗುವ ಓಣಿಯಲ್ಲಿ, ನಿಲ್ಲಿಸಿದಲ್ಲೇ ನಿಂತಿತ್ತು. ಕುಷ್ಟನಿಗೆ ಇದರಿಂದ ತೊಂದರೆ. ಕುಷ್ಟ ನಮ್ಮ ಕಡೆಯ ಕೈರಂಪಣಿ ಬಲೆಯ ಮುಂದಾಳು. ದಡದಲ್ಲಿ ನಿಂತು ಹಗ್ಗ ಹಿಡಿದು ಬಲೆ ಎಳೆಯುವ ಇಪ್ಪತ್ತು ಮೂವತ್ತು ಜನಕ್ಕೆ ಅವನೇ ಯಜಮಾನ. ಅವರ ಐಸಿನ ಟೆಂಪೋ ಅದೇ ಓಣಿಯಲ್ಲಿ ಇಳಿಯಬೇಕಾಗಿತ್ತು.

"ಚಂದಯ್ಯಣ್ಣ, ಕಾರ್ ಒಂಚೂರ್ ಸರ್ಸಿ."

"ಸರ್ಸುಕಾತಿಲ್ಲೆ ಕುಷ್ಟ. ಅದ್ ಈಗ ನನ್ನ ಕೈಯಲ್ಲಿಲ್ಲೆ."

ಕುಷ್ಟ ಕಾರಿಗೆ ಒಂದು ಸುತ್ತು ಬಂದು ನೋಡಿ ಹೋದ.

ಹೊಸ್ತಿನ ದಿನ ಬಂತು. ಚಂದಯ್ಯನ ಮನೆತನದಲ್ಲಿ ಒಂದು ಕಟ್ಟಳೆ ಉಂಟು. ಗದ್ದೆಯಿಂದ ಭತ್ತದ ಕದಿರು ತರುವವನು ಅದನ್ನು ತಲೆಯ ಮೇಲೆ ಹೊತ್ತು, ಮನೆಯ ಬಾಗಿಲಿಗೆ ಕಟ್ಟುವ ತನಕ ಬಾಯಿ ಬಿಡಬಾರದು. ಒಂದು ಮಾತು ಆಡಿದರೂ ಆ ವರ್ಷದ ಅನ್ನ ಮನೆಗೆ ದಕ್ಕುವುದಿಲ್ಲ. ಚಂದಯ್ಯ ಬೆಳಗಾಗುತ್ತಲೇ ಮಿಂದು, ಹೊಳೆಯ ಕಡೆಯ ಗದ್ದೆಗೆ ಹೋಗಿ, ಬಾಳೆಲೆಯಲ್ಲಿ ಸುತ್ತಿದ ಕದಿರನ್ನು ತಲೆಯ ಮೇಲಿಟ್ಟು ಹೆದ್ದಾರಿ ದಾಟಿದ. ಓಣಿಯ ಬಾಯಿಗೆ ಬಂದು ನಿಂತ.

ಓಣಿಯಲ್ಲಿ ಕಾರಿರಲಿಲ್ಲ.

ಚಂದಯ್ಯನ ಬಾಯಿ ತೆರೆಯಿತು. ಕಟ್ಟಳೆ ನೆನಪಾಗಿ ಮುಚ್ಚಿತು. ಒಂದು ಕೈಯಲ್ಲಿ ಕದಿರು ಹಿಡಿದು ಇನ್ನೊಂದು ಕೈಯಿಂದ ಕಾರಿದ್ದ ಜಾಗವನ್ನು ತೋರಿಸಿ, ಗಾಳಿಯಲ್ಲಿ ಚಕ್ರ ತಿರುಗಿಸಿ, ಎದೆ ಬಡಿದುಕೊಂಡ. ಜನ ಕೂಡಿದರು. ಪ್ರೇಮಾನಂದ ಒಂದೇ ನೋಟಕ್ಕೆ ತಿಳಿದುಕೊಂಡ.

"ಹೋಯ್ತ್! ನಾ ಹೇಳ್ಲಿಲ್ಯಾ? ಸ್ಟೀಲಿನ್ ಡಬ್ಬಿ, ಅರ್ಶಿನದ ಬಟ್ಟಿ, ಗಣಪತಿ ದೇವ್ರ್, ಮೂರನ್ನೂ ದಾಟ್ಕಂಡ್ ಕೀಲಿ ಮಾತ್ ಹಿಡ್ದೀರ್. ಎಂಥಾ ಪೆಟ್ಟಿಗಿ ಇರ್ಕ್ ಅವ್ರದ್ದ್!"

ಹೆದ್ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಹವಾಲ್ದಾರರನ್ನು ಅವನೇ ಕೈ ಅಡ್ಡ ಹಿಡಿದು ನಿಲ್ಲಿಸಿದ. ಅವರು ಬಾಗಲಕೋಟೆಯ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಚಂದಯ್ಯನಿಗೂ ಅವನ ಮನೆಗೂ ನಡುವೆ ಬೈಕು ನಿಲ್ಲಿಸಿ ವಿಚಾರಣೆ ತೊಡಗಿದರು.

"ಗಾಡಿ ಯಾರದ್ರೀ?"

ಎಲ್ಲರೂ ಚಂದಯ್ಯನನ್ನು ತೋರಿಸಿದರು.

"ಕೀಲಿ ಎಲ್ಲೈತಿ?"

ಚಂದಯ್ಯ ಆಕಾಶ ತೋರಿಸಿ ಕೈ ಮುಗಿದ.

"ದೇವ್ರ ಹತ್ರ ಇತ್ತ್," ಎಂದು ಸುಗುಣಾ ಬಾಗಿಲಿನಿಂದ ಹೇಳಿದಳು. "ನಾ ಈಗಷ್ಟೇ ಡಬ್ಬಿ ಅಲ್ಲಾಡ್ಸಿ ಕಂಡೆ. ಕೀಲಿ ಒಳ್ಗೇ ಇತ್ತ್."

"ಕೀಲಿ ದೇವ್ರ ಕಡೆ, ಗಾಡಿ ಕಳ್ಳರ ಕಡೆ. ಗ್ಲಾಸ್ ಒಡದಿಲ್ಲ, ಸದ್ದಾಗಿಲ್ಲ. ನಾ ಕಂಪ್ಲೇಂಟ್ ಯಾರ ಮ್ಯಾಲ ಬರ್ಕೊಳ್ಲಿ?" ಹವಾಲ್ದಾರರು ಚಂದಯ್ಯನ ಮುಖದ ಹತ್ತಿರ ಬಂದರು. "ಯಜಮಾನ್ರ, ಬಾಯಿ ಬಿಡ್ರಿ. ಗಾಡಿ ನಂಬರ್ ಹೇಳ್ರಿ."

ಚಂದಯ್ಯ ತುಟಿ ಕಚ್ಚಿ ಹಿಡಿದ. ಮುಖ ಒಂದು ಕಡೆಗೆ ವಾಲಿತು. ನಾನು ಮುಂದೆ ಬಂದು ಕದಿರಿನ ಕಟ್ಟಳೆಯನ್ನು ವಿವರಿಸಿದೆ.

"ಗಾಡಿ ಹೋದ ಮನುಷ್ಯಾ ಎಂಥಾ ಮೌನ ಹಿಡೀತಾನ್ರೀ? ಮಾರಿ ನೋಡ್ರಿ ಅವರ್ದು! ಲಕ್ವಾ ಹೊಡದೈತಿ! ಮೊದಲ ದವಾಖಾನಿಗೆ ಒಯ್ರಿ!"

ಪ್ರೇಮಾನಂದನ ಮೊಬೈಲು ಆ ಹೊತ್ತಿಗೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾರು ಕಳವಾದ ಮೇಲೆ ಚಂದಯ್ಯ ಶಿರೂರಿಗೆ ಹೋಗಲಾರ, ಹೇಳಿಬಿಡುವುದು ಧರ್ಮ ಎಂದು ಅವನು ಜಲಜಳ ಮನೆಗೆ ಫೋನು ಹಚ್ಚಿದ್ದ. "ಕಾರ್ ಕಳು ಆಯ್ತ್ ಜಲಜಕ್ಕ. ಚಂದಯ್ಯಣ್ಣ ಇಲ್ಲಿದ್ರ್, ಆರೆ ಮಾತಾಡ್ತಿಲ್ಲೆ," ಎಂದು ಅವನು ಹೇಳುವುದಕ್ಕೂ, ಹವಾಲ್ದಾರರು ಲಕ್ವಾ ಎಂದು ಕೂಗುವುದಕ್ಕೂ ಸರಿಹೋಯಿತು. ಅತ್ತ ಏನೋ ಬಿದ್ದ ಸದ್ದು. ಪ್ರೇಮಾನಂದ ಬೆದರಿ ಫೋನನ್ನು ಚಂದಯ್ಯನ ಕಿವಿಗೆ ಹಿಡಿದ.

"ಚಂದಾ..." ಎಂದಿತು ಫೋನು. ನಮಗೆಲ್ಲ ಕೇಳಿಸಿತು. "ಚಂದಾ, ನಾ ಮಾರಾಯಾ. ಅಕ್ಕ. ಒಂದ್ ಮಾತ್ ಆಡಾ. ಕಾರ್ ಹೋರೆ ಹೋಯ್ಲಿ. ಒಂದೇ ಒಂದ್ ಮಾತ್ ಆಡ್ ಮಗಾ."

ಇಷ್ಟು ವರ್ಷಗಳ ಮೇಲೆ ಅಕ್ಕನ ಸ್ವರ. ಚಂದಯ್ಯನ ಕಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತು. ತಲೆಯ ಮೇಲೆ ವರ್ಷದ ಅನ್ನ. ಅವನು ಮೂಗಿನಲ್ಲಿ "ಹ್ಞೂಂ" ಎಂದ. ಅದು ಮಾತೋ ಅಲ್ಲವೋ ಎಂದು ಐತಾಳರನ್ನು ನಾನು ಆಮೇಲೆ ಕೇಳಿದ್ದುಂಟು, ಅಲ್ಲ ಎಂದರು. ಆದರೆ ಶಿರೂರಿನಲ್ಲಿ ಅದನ್ನು ಕೇಳಿದವಳಿಗೆ ಸಂಶಯವೇ ಉಳಿಯಲಿಲ್ಲ.

ಹವಾಲ್ದಾರರು ಆಂಬುಲೆನ್ಸು ಹುಡುಕಲು ಹೆದ್ದಾರಿಗೆ ಹೋದಾಗ ಚಂದಯ್ಯ ಓಡಿಹೋಗಿ ಕದಿರು ಕಟ್ಟಿದ. ಕಟ್ಟಿದವನೇ ಕಂಬಕ್ಕೆ ಒರಗಿ ಕೂತ. ಈಗ ಮಾತಾಡಬಹುದಾಗಿತ್ತು, ಆದರೆ ಶಿರೂರಿಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ದಡದಿಂದ ಕುಷ್ಟನ ಜನ ಬಲೆ ಎಳೆಯುವ "ಐಸಾ, ಐಸಾ" ತೂಕಡಿಸುವ ಜೋಗುಳದ ಹಾಗೆ ಕೇಳಿಬರುತ್ತಿತ್ತು.

ಒಂದು ಬಸ್ಸು ನಿಂತಿತು. ಜಲಜ ಇಳಿದಳು. ಚಪ್ಪಲಿಯಿಲ್ಲ, ತಲೆ ಬಾಚಿಲ್ಲ. ಓಣಿಯುದ್ದಕ್ಕೂ ಅಳುತ್ತಲೇ ಬಂದು, ಹೊಸ್ತಿಲು ಎಲ್ಲಿದೆಯೆಂದೂ ನೋಡದೆ ದಾಟಿ, ತಮ್ಮನ ಮುಖವನ್ನು ಎರಡು ಕೈಯಲ್ಲಿ ಹಿಡಿದಳು.

"ಚಂದಾ, ನನ್ನ ಗುರ್ತ ಸಿಕ್ತಾ?"

"ಅಕ್ಕಾ! ಬಸ್ಸಲ್ಲಿ ಎಂತಕ್ಕೆ ಬಂದ್ದೆ? ನಾನೇ ಬತ್ತಿದ್ದೆ! ಕಾರ್ ಇತ್ತ್, ಆರೆ ಕೀಲಿ ಮುಡಿಪಲ್ಲಿತ್ತ್, ಕಳ್ರ್ ಕೀಲಿ ಮಾತ್ ಹಿಡ್ದ್, ಪೊಲೀಸ್ ಬಾಯ್ ಬಿಡಿ ಅಂದ್ರ್, ತಲಿ ಮೇಲ್ ಕದ್ರ್..."

ಬೆಳಗ್ಗಿನಿಂದ ಕೂಡಿಟ್ಟದ್ದೆಲ್ಲ ಒಂದೇ ಉಸಿರಿಗೆ ಬಂತು. ಜಲಜ ಕೈ ತೆಗೆದಳು.

"ನಿಂಗ್ ಎಂತದೂ ಆಯ್ಲಿಲ್ಯಾ?"

"ಇಲ್ಲೆ."

"ಚಂದ ಮಾಡಿ ಮಾತ್ ಬತ್ತಾ?"

"ಬತ್ತ್."

"ಮತ್ತೆ ಫೋನಲ್ಲಿ ಹ್ಞೂಂ ಅಂದದ್ದ್ ಯಾರ್, ನಿನ್ನ ಕಾರಾ?" ಜಲಜಳ ಮುಖ ಕೆಂಪಾಯಿತು. "ಕರೀದೇ ಬಂದೆ ನಾನ್! ಬಸ್ಸಲ್ಲಿ ಇಡೀ ಲೋಕದ್ ಎದ್ರ್ ಮರ್ಕಂಡ್, ಕಣ್ಣೀರ್ ಒರ್ಸ್ಕಂಡ್ ಬಂದೆ! ನಾ ಹೋತೆ."

ಹಿಂದಿನ ಬಾಗಿಲಿನಿಂದ ಹೊರಬಿದ್ದು ಕಡಲಿನ ಕಡೆ ನಡೆದೇಬಿಟ್ಟಳು. ಸಿಟ್ಟಿನಲ್ಲಿ ಬಸ್ಸಿನ ದಿಕ್ಕು ತಪ್ಪಿತು; ತಪ್ಪಿದ್ದನ್ನು ಒಪ್ಪಿಕೊಳ್ಳದೆ, ದೋಣಿಗಳಿಗೆ ಹಾಕಿದ್ದ ತೆಂಗಿನ ಗರಿಯ ಚಪ್ಪರದ ನೆರಳಿನಲ್ಲಿ ನಮಗೆ ಬೆನ್ನು ಹಾಕಿ ಕೂತಳು.

ಇತ್ತ ಸುಗುಣಾ ಮಾತ್ರ ದೀಪದ ಎದುರು ನಿಂತಿದ್ದಳು. "ತುಳಿಕ್ ಅಂದೇಳಿ ಹರ್ಕಿ. ಕೂರ್ಕ್ ಅಂದೇಳಿ ಅಲ್ಲ. ತುಳ್ದ್ರ್!" ಎಂದು ಮುಡಿಪು ಬಿಚ್ಚಿ, ಕೀಲಿಗೆ ಕುಂಕುಮ ಹಚ್ಚಿ ಗಂಡನ ಕೈಗೆ ಕೊಟ್ಟಳು. ಕಾರಿಲ್ಲದ ಕೀಲಿಯನ್ನು ಹಿಡಿದುಕೊಂಡೇ ಚಂದಯ್ಯ ಅಕ್ಕನ ಹಿಂದೆ ಓಡಿದ. ನಾವೂ ಹೋದೆವು.

ಚಪ್ಪರದ ಅಡಿಯಲ್ಲಿ ದೋಣಿಗಳು ಸಾಲಾಗಿ ಮಲಗಿದ್ದವು. ಕೊನೆಯದರ ಮೇಲೆ ಬಲೆ ಹೊದಿಸಿತ್ತು, ಅದಕ್ಕೆ ಜಲಜ ಒರಗಿದ್ದಳು. ಚಂದಯ್ಯ ಹತ್ತಿರ ಬಂದು "ಅಕ್ಕಾ" ಎಂದ. ಆಕೆಯ ಬೆನ್ನ ಹಿಂದೆ ಬಲೆಯೊಳಗೆ ಎರಡು ಹಳದಿ ಕಣ್ಣುಗಳು ಮಿಟುಕಿದವು. ಬಲೆ ಎರಡೂ ಬದಿಗೆ ಮೆಲ್ಲಗೆ ಉಬ್ಬಿತು. ಒಳಗಿನದು ಕಿವಿ ನಿಮಿರಿಸಿತು.

"ಅಯ್ಯಯ್ಯೋ, ದೋಣಿ ಎದ್ತ್!" ಎಂದು ಜಲಜ ಹಾರಿ ತಮ್ಮನನ್ನು ತಬ್ಬಿಕೊಂಡಳು.

ಬಲೆ ಎಳೆಯುವುದನ್ನು ಬಿಟ್ಟು ಕುಷ್ಟ ಬಂದ. "ಕಾರ್ ಹುಡ್ಕುದಾ? ನಾವೇ ತಂದಿಟ್ಟದ್ದ್. ಕೈಯಲ್ಲಿಲ್ಲೆ ಅಂದ್ರಿ ಅಲ್ದಾ? ಅಡಿಗ್ ಮರದ್ ತುಂಡ್ ಕೊಟ್ಟ್ ಎತ್ಕಂಡ್ ಬಂತ್. ಬಿಸ್ಲಿಗ್ ಬಣ್ಣ ಹೋತ್ತ್ ಅಂದೇಳಿ ಬಲಿ ಹೊದ್ಸದ್ದ್."

"ಹೇಳುಕಾಗ್ದಾ ಮಾರಾಯಾ!"

"ಎಂತಕ್ಕೆ? ಕಡ್ಲ್ ಏರ್ರೆ ಯಾರ್ ದೋಣಿ ಆರೂ ಮೇಲ್ ಎಳೆತ್ತಿಲ್ಯಾ? ಕೇಂತ್ರಾ ಯಾರಾರೂ?"

ಪ್ರೇಮಾನಂದ ಮೊಬೈಲು ನೋಡುತ್ತ ಹಿಂದೆ ಸರಿದ. ಚಂದಯ್ಯ ಬಲೆ ಸರಿಸಿ, ಕಾರಿನ ಬಾಗಿಲು ತೆರೆದು, ಅದರ ಪಕ್ಕದಲ್ಲಿ ಕೈ ಕಟ್ಟಿ ನಿಂತ.

"ಅಕ್ಕಾ, ಸ್ವಂತ ಗಾಡಿ ತಂದಿದ್ದೆ. ಹೊಸ್ತಿಗ್ ಬಾ."

"ಇದ್ ಶಿರೂರಾ?"

"ನೀ ಕೂತಲ್ಲೇ ನಿನ್ನ ಬಾಗ್ಲ್ ಅಂದೇಳಿ ತಿಳ್ಕ."

ಜಲಜ ಕಡಲಿನ ಕಡೆ ನೋಡಿದಳು, ಕಾರಿನ ಕಡೆ ನೋಡಿದಳು. ಸೀರೆಯ ಮರಳು ಕೊಡವಿ ಹತ್ತಿ ಕೂತಳು. ಚಂದಯ್ಯ ಗುಂಡಿ ಒತ್ತಿದ. ಕಾರು ಗುರುಗುಟ್ಟಿ, ಚಕ್ರಗಳು ಗಿರ್ರನೆ ತಿರುಗಿ, ಮರಳಿನಲ್ಲಿ ಹೂತುಕೊಂಡವು.

ಕುಷ್ಟ ನಿಟ್ಟುಸಿರು ಬಿಟ್ಟು ಶಿಳ್ಳೆ ಹಾಕಿದ. ಇಪ್ಪತ್ತು ಮೂವತ್ತು ಜನ ಬಂದರು. ಮರದ ತುಂಡುಗಳು ಅಡಿಗೆ ಬಿದ್ದವು. "ಐಸಾ!" ಎಂಬ ಕೂಗಿನೊಡನೆ ಕಾರು ಮರಳಿನ ಮೇಲೆ ಏರುತ್ತ ಇಳಿಯುತ್ತ, ಅಲೆಯ ಮೇಲಿನ ದೋಣಿಯಂತೆ ಮನೆಯ ಕಡೆ ತೇಲಿತು. ಇಂಜಿನು ನಿಂತಿತ್ತು. ಆದರೂ ಚಂದಯ್ಯ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು, ನೇರ ಮುಂದೆ ನೋಡುತ್ತ, ಓಣಿಯ ತಿರುವಿನಲ್ಲಿ ಹಾರ್ನು ಕೂಡ ಹಾಕಿದ. ಹಿಂದಿನ ಸೀಟಿನಲ್ಲಿ ಜಲಜ ಎಳೆಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಹೆದ್ದಾರಿಯಿಂದ ಆಂಬುಲೆನ್ಸಿನೊಡನೆ ಹಿಂದಿರುಗಿದ ಹವಾಲ್ದಾರರು ಟೋಪಿ ತೆಗೆದು ದಾರಿ ಬಿಟ್ಟರು.

ಮಧ್ಯಾಹ್ನ ಎಲ್ಲರಿಗೂ ಎಲೆ ಹಾಕಿದರು. ನನಗೂ ಒಂದು ಎಲೆ ಇತ್ತು. ಹೊಸ ಅಕ್ಕಿಯ ಅನ್ನದ ಹಬೆ ಏಳುತ್ತಿತ್ತು. ನಮ್ಮಲ್ಲಿ ಹೊಸ ಅನ್ನವನ್ನು ಬಾಯಿಗಿಡುವ ಮೊದಲು ಸಾಲಿನಲ್ಲಿ ಕೂತ ಹಿರಿಯರಿಗೆ ಹೇಳಿ, ಅವರ ಒಪ್ಪಿಗೆ ಪಡೆದು ಉಣ್ಣುತ್ತಾರೆ. ಚಂದಯ್ಯ ಒಂದು ತುತ್ತು ಕೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿದ.

"ಅಕ್ಕಾ, ನಾ ಹೊಸ್ತ್ ಉಣ್ತೆ."

ಜಲಜ ತನ್ನ ಎಲೆಯಿಂದ ಒಂದು ಹಿಡಿ ಅನ್ನ ತೆಗೆದು ಅವನ ಎಲೆಗೆ ಹಾಕಿದಳು.

"ಉಣ್ ಮಗಾ. ಹೊಟ್ಟಿ ತುಂಬ ಉಣ್. ನಾಳೆ ನನ್ನನ್ನ್ ಶಿರೂರ್ ವರೆಗೆ ಹೊತ್ಕಂಡ್ ಹೋಯ್ಕಲ್ದಾ?"